ಮೊದಲ ಮೂವತ್ತು ಸೆಕೆಂಡು

ಪಾಪ್ ಸಂಗೀತವೆಂದರೆ ಬರೀ ಗದ್ದಲ ಎಂದುಕೊಂಡಿದ್ದ ನಮ್ಮಂಥವರಿಗೆ ಅದರೊಳಗಿನ ನೋವು, ನಗೆ, ತುಂಟತನಗಳನ್ನು ಕೇಳಿಸಿದವರು ಅವರು. ಹೈದರಾಬಾದಿನ ಗಾಜಿನ ಕಟ್ಟಡವೊಂದರ ಆರನೇ ಮಹಡಿಯಲ್ಲಿ ಕೂತು ಕೊರಿಯಾದ ಹಾಡುಗಳನ್ನು ಜಗತ್ತಿಗೆ ಆರಿಸಿಕೊಟ್ಟ ಕನ್ನಡಿಗ. ಪ್ರತಿ ವರ್ಷದ ನಡುವೆ ಅವರು ಪ್ರಕಟಿಸುತ್ತಿದ್ದ 'ಈ ವರ್ಷ, ಇಲ್ಲಿಯವರೆಗೆ' ಎಂಬ ಮೆಚ್ಚಿನ ಹಾಡುಗಳ ಪಟ್ಟಿಗೆ ದೇಶ ವಿದೇಶದ ಕೇಳುಗರು ಕಾದು ಕೂತಿರುತ್ತಿದ್ದರು. ಇಂಥವರ ಕೈಕೆಳಗೆ ಐದು ವರ್ಷ ಕೆಲಸ ಮಾಡುವ ಭಾಗ್ಯ ನನ್ನದಾಯಿತು. ಅವರ ಬಗ್ಗೆ ನಾಲ್ಕು ಮಾತು ಬರೆಯಿರಿ ಎಂದು ಇಲ್ಲಿನ ಕನ್ನಡ ಸಂಘದವರು ಹೇಳಿದಾಗ ನನ್ನ ಕೈ ನಡುಗಿತು.

ಇಷ್ಟನ್ನು ಓದಲು ಮೂವತ್ತು ಸೆಕೆಂಡು ಸಾಕು. ಗಡಿಯಾರ ಮುಂದಿಟ್ಟುಕೊಂಡು ಓದಿ ನೋಡಿದ್ದೇನೆ. ಅವರು ಓದಿದ್ದರೆ ಇಲ್ಲಿಗೆ ನಿಲ್ಲಿಸಿರುತ್ತಾರೆ. ಇನ್ನು ಮುಂದಿನದು ನಿಮಗೆ.

ಕೈ ನಡುಗಿದ್ದು ನಿಜ. ಸಿಟ್ಟಿಗೆ ನಡುಗಿತು. ಸಂಘದ ಕಾರ್ಯದರ್ಶಿಗಳು ನಾರಾಯಣಗೂಡದ ಹಿರಿಯರು, ಬೀದರ ಕಡೆಯವರು, ಅವರದೇನೂ ತಪ್ಪಿಲ್ಲ. ಹೋದ ತಿಂಗಳು ಫೋನ್ ಮಾಡಿದರು. "ನೀಲಮ್ಮ, ನಿಮ್ಮ ಸಾಹೇಬ್ರು ಹೈದರಾಬಾದ್ ಬಿಟ್ಟು ಮೈಸೂರಿಗೆ ಹೊಂಟಾರಂತ. ಶಾಲು ಹೊದಿಸಿ ಕಳಸೋಣು ಅಂತ ಕಮಿಟಿಯೊಳಗ ಠರಾವ್ ಆಗೇದ. ಅವರ ಮ್ಯಾಲ ಒಂದು ವ್ಯಕ್ತಿಚಿತ್ರ ಬರದು ಕೊಡ್ರಿ. ಅವರೇ ನಿಮ್ಮ ಹೆಸರು ಹೇಳ್ಯಾರ."

"ಅವರೇ ಹೇಳ್ಯಾರೇನ್ರಿ?"

"ಹೂಂನ್ರಿ. ಬರದದ್ದು ಅವರಿಗೆ ಒಮ್ಮಿ ತೋರಸ್ರಿ, ನೋಡಿ ತಿದ್ದತಾರಂತ. ಕೆಳಗ ಸಂಘದ ಪರವಾಗಿ ಅಂತ ಹಾಕಿಬಿಡ್ತೀವಿ, ನಿಮಗೇನೂ ತ್ರಾಸಿಲ್ಲ."

ಆ ಕೊನೆಯ ಮಾತು ಕೇಳಿದ ಮೇಲೆಯೇ ನಾನು ಇದನ್ನು ಬರೆಯುವುದೆಂದು ಗಟ್ಟಿ ಮಾಡಿಕೊಂಡದ್ದು. ಇದರಲ್ಲಿ ಅವರ ಹೆಸರು ಎಲ್ಲಿಯೂ ಬರುವುದಿಲ್ಲ. ಐದು ವರ್ಷ ಅವರು ನನ್ನ ಹೆಸರು ಹಾಕಲಿಲ್ಲ, ನಾಲ್ಕು ಪುಟದ ಮಟ್ಟಿಗೆ ನಾನು ಅವರದು ಹಾಕುವುದಿಲ್ಲ. ಬಹುವಚನ ಮಾತ್ರ ಬಿಡುವುದಿಲ್ಲ. ದೊಡ್ಡವರನ್ನು ಏಕವಚನದಲ್ಲಿ ಕರೆದರೆ ನಮ್ಮವ್ವ ಈಗಲೂ ಬೆನ್ನಿಗೆ ಬಾರಿಸುತ್ತಾಳೆ.

ಮೊದಲು ಅವರ ಒಳ್ಳೆಯದನ್ನು ಹೇಳಿ ಮುಗಿಸುತ್ತೇನೆ. ಅದು ಗೊತ್ತಿರದಿದ್ದರೆ ನನ್ನ ಸಿಟ್ಟು ಎಂಥದೆಂದು ನಿಮಗೆ ತಿಳಿಯುವುದಿಲ್ಲ.

ಗಚ್ಚಿಬೌಲಿಯ ಕಡೆ ಬಂಡೆ ಒಡೆದು ಒಡೆದು ಗಾಜಿನ ಕಟ್ಟಡ ಎಬ್ಬಿಸುತ್ತಿದ್ದ ಕಾಲ. ಎಬ್ಬಿಸುವವರು ನಮ್ಮ ಕಲಬುರಗಿ, ಯಾದಗಿರಿ ಕಡೆಯವರು. ಒಳಗೆ ಕೂರುವವರು ಬೇರೆಯವರು. ನಾನು ಆಳಂದದವಳು, ಮೆಹದಿಪಟ್ಟಣಂನಲ್ಲಿ ಅವ್ವನ ಜೊತೆ ಒಂದೂವರೆ ಕೋಣೆಯ ಮನೆಯಲ್ಲಿದ್ದೆ. ಹಾಡು ಕೇಳುವುದೇ ಕೆಲಸ ಎಂಬ ನೌಕರಿಯೊಂದು ಇದೆ ಎಂದು ಯಾರೋ ಹೇಳಿದಾಗ ಗೇಲಿ ಮಾಡುತ್ತಿದ್ದಾರೆ ಎಂದುಕೊಂಡೆ. ಆದರೆ ಇತ್ತು. ಫೋನಿನಲ್ಲಿ ಹಾಡು ಕೇಳಿಸುವ ಒಂದು ವಿದೇಶಿ ಕಂಪನಿಗೆ ಆ ಆಫೀಸು ಕೆಲಸ ಮಾಡಿಕೊಡುತ್ತಿತ್ತು. ಹೊಸ ಹಾಡು ಬಂದ ಕೂಡಲೇ ಕೇಳಿ, ಇದು ಖುಷಿಯದು, ಇದು ದುಃಖದ್ದು, ಇದು ಕುಣಿಯಲಿಕ್ಕೆ, ಇದು ಮಲಗಲಿಕ್ಕೆ ಎಂದು ಗುರುತು ಹಚ್ಚಬೇಕು. ಅದಕ್ಕೆ ಟ್ಯಾಗಿಂಗ್ ಎನ್ನುತ್ತಿದ್ದರು.

ಇಂಟರ್‌ವ್ಯೂ ಮಾಡಿದವರು ಅವರೇ. ಕೊರಳಿಗೆ ಹೆಡ್‌ಫೋನ್, ಮೇಜಿನ ಮೇಲೆ ಮೈಸೂರಿನಿಂದ ತರಿಸಿದ ಕಾಫಿಪುಡಿಯ ಫಿಲ್ಟರ್ ಕಾಫಿ ತುಂಬಿದ ಫ್ಲಾಸ್ಕು. ಒಂದು ಹಾಡು ಕೇಳಿಸಿದರು. ಯಾವ ಭಾಷೆಯೋ ಗೊತ್ತಾಗಲಿಲ್ಲ. ಏನು ಕೇಳಿಸಿತು ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾನು ತಡವರಿಸಿದೆ.

"ಕನ್ನಡದವರಾ? ಕನ್ನಡದಲ್ಲೇ ಹೇಳ್ರೀ, ಪರವಾಗಿಲ್ಲ."

"ಹಾಡು ಮುಗಿದ ಮ್ಯಾಲ ಆಕಿ ಒಂದು ಸಲ ಉಸರು ತಗೊಂಡಾಳ್ರಿ. ಇನ್ನೂ ಏನೋ ಹೇಳೋದಿತ್ತು, ಬ್ಯಾಡಂತ ಬಿಟ್ಟಾಳ."

ಅವರು ಮೇಜು ಗುದ್ದಿದರು. ಫ್ಲಾಸ್ಕು ಉರುಳಿಬಿತ್ತು. "ಬೆಳಿಗ್ಗೆಯಿಂದ ಎಂಟು ಜನ ಬಂದು ಹೋದ್ರು. ಆ ಉಸಿರು ಕೇಳಿಸಿಕೊಂಡೋರು ನೀವೊಬ್ರೇ ಕಣ್ರೀ!" ಎಂದರು. ನನ್ನ ಇಂಗ್ಲಿಷನ್ನು ಮತ್ತೆ ಕೇಳಲಿಲ್ಲ. ಸೋಮವಾರದಿಂದ ಬರಲು ಹೇಳಿದರು.

ಮೊದಲ ವರ್ಷ ಅವರು ಕಲಿಸಿದ್ದನ್ನು ನಾನು ಯಾವ ಕಾಲಕ್ಕೂ ಇಲ್ಲವೆನ್ನುವುದಿಲ್ಲ. ಹಾಡು ಮುಗಿಯುತ್ತಿದ್ದಂತೆ ಬಲಗೈಯ ತೋರುಬೆರಳು ಎತ್ತುತ್ತಿದ್ದರು. ಅದು ಇಳಿಯುವವರೆಗೆ ಯಾರೂ ಹೆಡ್‌ಫೋನ್ ತೆಗೆಯುವಂತಿಲ್ಲ. "ಮುಗಿದ ಮೇಲೆ ಎರಡು ಕ್ಷಣ ಇರ್ರೀ. ಹಾಡಿದೋರು ಎದ್ದು ಹೋಗೋ ಸದ್ದೂ ಹಾಡೇ" ಎನ್ನುತ್ತಿದ್ದರು. ಭಾಷೆ ತಿಳಿಯದಿದ್ದರೆ ಇನ್ನೂ ಒಳ್ಳೆಯದು, ಮಾತಿನಲ್ಲಿ ಮೋಸ ಹೋಗುವುದಿಲ್ಲ ಎನ್ನುವುದು ಅವರ ಇನ್ನೊಂದು ಮಾತು. ಕಿವಿಯ ವಿಷಯದಲ್ಲಿ ಅವರು ನನ್ನ ಗುರುಗಳು. ಅದಕ್ಕೇ ಈ ಸಿಟ್ಟು. ಹಾಡು ಗೊತ್ತಿಲ್ಲದ ಒಬ್ಬ ಕದ್ದಿದ್ದರೆ ಹಾಳಾಗಿ ಹೋಗಲಿ ಎಂದು ಬಿಟ್ಟುಬಿಡುತ್ತಿದ್ದೆ.

ಒಳ್ಳೆಯದು ಮುಗಿಯಿತು.

ಮೊದಲು ಹೋದದ್ದು ಹೆಸರು. ಗುರುತಿನ ಕಾರ್ಡು ಮಾಡಿಸುವಾಗ "ನೀಲಮ್ಮ ಗುರುಬಸಪ್ಪ ಬಿರಾದಾರ, ಅಬ್ಬಬ್ಬಾ, ಇಷ್ಟುದ್ದ ಕಾರ್ಡಲ್ಲಿ ಹಿಡಿಯಲ್ಲ ಕಣ್ರೀ. ನೀಲ್ ಅಂತ ಮಾಡೋಣ, ಕ್ಲೈಂಟಿಗೂ ಸುಲಭ" ಎಂದರು. ಎಷ್ಟೋ ದಿನ ಕ್ಲೈಂಟಿನವರು ನನ್ನನ್ನು ಗಂಡಸು ಎಂದೇ ತಿಳಿದಿದ್ದರು. ಕಾರ್ಡನ್ನು ಕೊರಳಿಗೆ ತೂಗುಹಾಕುವ ಪಟ್ಟಿ ಹಳದಿ. ಹಳದಿ ಎಂದರೆ ಗುತ್ತಿಗೆಯವರು, ಕಪ್ಪು ಎಂದರೆ ಪರ್ಮನೆಂಟ್. ಕಪ್ಪು ಪಟ್ಟಿಯವರಿಗೆ ಮೂಲೆಯಲ್ಲೊಂದು ಕೋಣೆಯಿತ್ತು. ದೊಡ್ಡ ಸ್ಪೀಕರು, ಮೆತ್ತನೆಯ ಗೋಡೆ, ಹೊರಗಿನ ಒಂದು ಸದ್ದೂ ಒಳಗೆ ಬಾರದು. ಹಳದಿಯವರು ಸ್ಪಂಜು ಕಿತ್ತುಹೋದ ಹೆಡ್‌ಫೋನಿನಲ್ಲಿ ಕೇಳಬೇಕು. ಆ ಕೋಣೆಯಲ್ಲಿ ಒಂದೇ ಒಂದು ಹಾಡನ್ನಾದರೂ ಕೂತು ಪೂರ್ತಿ ಕೇಳಬೇಕೆಂಬುದು ನನ್ನ ಆಸೆ. ಹೊರಗಿನವರಿಗೆ ಇದು ಚಿಲ್ಲರೆ ಆಸೆ ಅನಿಸಬಹುದು. ದಿನಕ್ಕೆ ನೂರಾರು ಹಾಡು ಕೇಳುವವರಿಗೆ ಅಲ್ಲ.

ಎರಡನೇ ವರ್ಷ ಅವರು ಮ್ಯಾನೇಜರ್ ಆದರು. ಕೆಲಸ ಹೆಚ್ಚಾಯಿತು, ಹಾಡಿಗೆ ಮೂವತ್ತು ಸೆಕೆಂಡಿಗಿಂತ ಹೆಚ್ಚು ಕೊಡಬಾರದೆಂದು ನಿಯಮವಾಯಿತು. ನಾವು ಮನಸ್ಸಿಲ್ಲದೆ ಪಾಲಿಸಿದೆವು. ಅವರು ಮನಸ್ಸಿಟ್ಟು ಪಾಲಿಸಿದರು. "ಮೂವತ್ತು ಸೆಕೆಂಡಲ್ಲಿ ಗೊತ್ತಾಗದ ಹಾಡು ಮೂರು ನಿಮಿಷದಲ್ಲೂ ಗೊತ್ತಾಗಲ್ಲ" ಎಂಬುದು ಅವರ ಹೊಸ ಮಾತು. ಊಟದ ಹೊತ್ತಿನಲ್ಲಿ ಹಾಡು ಹಾಕಿದರೂ ಬೆರಳು ಮುಂದಿನ ಹಾಡಿಗೆ ಜಾರುತ್ತಿತ್ತು. ನಾವು ಹೇಳುವ ಮಾತನ್ನೂ ಅಷ್ಟೇ ಕೇಳಿ "ಫೆಂಟಾಸ್ಟಿಕ್" ಎಂದು ಎದ್ದುಬಿಡುತ್ತಿದ್ದರು.

ಆ ವರ್ಷವೇ ಪಟ್ಟಿ ಶುರುವಾದದ್ದು. 'ಈ ವರ್ಷ, ಇಲ್ಲಿಯವರೆಗೆ': ಜನವರಿಯಿಂದ ಜೂನ್‌ವರೆಗೆ ಬಂದ ಪಾಪ್ ಮತ್ತು ಕೊರಿಯಾದ ಕೆ-ಪಾಪ್ ಹಾಡುಗಳಲ್ಲಿ ಮೆಚ್ಚಿನ ಇಪ್ಪತ್ತು, ಪ್ರತಿಯೊಂದಕ್ಕೂ ಎರಡು ಸಾಲಿನ ಟಿಪ್ಪಣಿ. ಜೂನ್ ಕೊನೆಯ ಕೆಲಸದ ದಿನ ಮಧ್ಯಾಹ್ನ ನಾಲ್ಕಕ್ಕೆ ಪಟ್ಟಿ ಬಿಡುಗಡೆ. ಆಗ ಮೊದಲ ಸ್ಥಾನದ ಹಾಡನ್ನು ಇಡೀ ಮಹಡಿಗೆ ಕೇಳುವಂತೆ ಸ್ಪೀಕರಿನಲ್ಲಿ ಹಾಕುವುದು, ಎಲ್ಲರೂ ಎದ್ದು ನಿಂತು ಮೊದಲಿನಿಂದ ಕೊನೆಯವರೆಗೆ ಕೇಳುವುದು. ವರ್ಷಕ್ಕೊಮ್ಮೆ ನಾವೆಲ್ಲ ಒಟ್ಟಿಗೆ ಒಂದು ಹಾಡನ್ನು ಪೂರ್ತಿ ಕೇಳುತ್ತಿದ್ದುದು ಆಗ ಮಾತ್ರ.

ಇಪ್ಪತ್ತನ್ನು ಆರಿಸುವವಳು ನಾನು. ಬಸ್ಸಿನಲ್ಲಿ, ಮನೆಯಲ್ಲಿ, ಅಕ್ಕಿ ಆರಿಸುತ್ತ, ಬಂದ ಹಾಡನ್ನೆಲ್ಲ ಕೊನೆಯವರೆಗೆ ಕೇಳುತ್ತಿದ್ದೆ. ಟಿಪ್ಪಣಿಯನ್ನು ಉದ್ದನೆಯ ನೋಟುಬುಕ್ಕಿನಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೆ, ನನ್ನ ಕಿವಿ ಕನ್ನಡದ್ದು. ಒಬ್ಬ ಇಂಗ್ಲಿಷ್ ಹುಡುಗಿ ತಾಳಕ್ಕೆ ಬರೀ ಚಮಚ ಮತ್ತು ಲೋಟ ಇಟ್ಟುಕೊಂಡು ಹಾಡಿದ್ದಳು. 'ಯಾರೋ ಬರುತ್ತಾರೆಂದು ಎರಡನೇ ಸಲ ಚಹಾ ಬಿಸಿ ಮಾಡುವ ಹಾಡು' ಎಂದು ಬರೆದೆ. ಐದು ಕೊರಿಯನ್ ಹುಡುಗರು ಜಗಳದಂತೆ ಶುರುಮಾಡಿ ಕೊನೆಯಲ್ಲಿ ಒಬ್ಬರ ದನಿಗೊಬ್ಬರು ಜಾಗ ಬಿಟ್ಟುಕೊಡುವ ಹಾಡೊಂದಿತ್ತು. 'ಅಣ್ಣತಮ್ಮಂದಿರು ಒಂದೇ ತಾಟಿನಲ್ಲಿ ಉಣ್ಣುತ್ತಿದ್ದಾರೆ' ಎಂದು ಬರೆದೆ. ನಾಲ್ಕು ಹುಡುಗಿಯರ ಒಂದು ಹಾಡಿಗೆ, ಆ ವರ್ಷದ ನನ್ನ ಬಲು ಮೆಚ್ಚಿನದು ಅದು, 'ಮೆಹದಿಪಟ್ಟಣಂ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿದ ಹಾಗಿದೆ, ಇಳಿಯುವ ಸ್ಟಾಪು ಬಂದರೂ ಏಳಲು ಮನಸ್ಸಾಗದು' ಎಂದು ಬರೆದೆ.

ಅವರು ಅದನ್ನೆಲ್ಲ ಒಂದು ಮಧ್ಯಾಹ್ನ ಕೂತು ಇಂಗ್ಲಿಷಿಗೆ ತಿರುಗಿಸಿದರು. ನಾಲ್ಕಕ್ಕೆ ಪಟ್ಟಿ ಬಂತು. ಮೇಲೆ ಅವರ ಫೋಟೋ, ಕೆಳಗೆ ಅವರ ಹೆಸರು. ಚಹಾ ಹಾಗೇ ಇತ್ತು, ತಾಟು ಹಾಗೇ ಇತ್ತು. ಮೆಹದಿಪಟ್ಟಣಂ ಬಸ್ಸು ಮಾತ್ರ ಪ್ಯಾರಿಸ್ಸಿನ ರೈಲಾಗಿತ್ತು. ಅವರು ಮೆಹದಿಪಟ್ಟಣಂ ಬಸ್ಸನ್ನೂ ಹತ್ತಿದವರಲ್ಲ, ಪ್ಯಾರಿಸ್ಸಿನ ರೈಲನ್ನೂ ಹತ್ತಿದವರಲ್ಲ.

ಟೀ ಕೌಂಟರಿನ ಹತ್ತಿರ ತಡೆದು ಕೇಳಿದೆ. "ಸರ್, ಅದು ನಾ ಬರದದ್ದಲ್ರಿ?"

"ಯಾವ ಭಾಷೇಲಿ ಬರೆದ್ರಿ?"

"ಕನ್ನಡದಾಗ್ರಿ."

"ಬಂದಿರೋದು ಯಾವ ಭಾಷೇಲಿ?"

"ಇಂಗ್ಲಿಷಿನಾಗ."

"ಆ ಇಂಗ್ಲಿಷ್ ಯಾರದ್ದು?" ಎಂದು ನಕ್ಕರು. ಅವತ್ತೇ ತಿರುಗಿ ಜವಾಬು ಕೊಡದಿದ್ದುದಕ್ಕೆ ಇವತ್ತಿಗೂ ನನ್ನ ಮೇಲೆಯೇ ಕೋಪವಿದೆ. ಅವರು ಕೌಂಟರಿನ ಇರಾನಿ ಚಹಾ ನೋಡಿ ಮುಖ ಸಿಂಡರಿಸಿ, ತಮ್ಮ ಫ್ಲಾಸ್ಕಿನಿಂದ ನನಗೂ ಅರ್ಧ ಲೋಟ ಕಾಫಿ ಬಗ್ಗಿಸಿ, "ಬೇಜಾರು ಮಾಡ್ಕೋಬೇಡಿ ನೀಲ್. ಮುಂದಿನ ವರ್ಷ ನಿಮ್ಮ ಹೆಸರೂ ಹಾಕೋಣ" ಎಂದರು. ಈ ಮಾತನ್ನು ಮೂರು ಜೂನ್ ತಿಂಗಳು ಕೇಳಿದ್ದೇನೆ. ಕಾಫಿ ಚೆನ್ನಾಗಿರುತ್ತಿತ್ತು.

ನಾಲ್ಕನೇ ವರ್ಷದ ಮಾತು. ಕೊರಿಯಾದ ಹಾಡುಗಳ ವಿಭಾಗ ನೋಡಿಕೊಳ್ಳುವ ಕ್ಲೈಂಟ್ ಮೇಡಂ ಸೋಲ್ ನಗರದಿಂದ ನಮ್ಮ ಆಫೀಸಿಗೆ ಬಂದರು. ಸಣ್ಣ ದನಿ, ಬಿಡಿಸಿ ಬಿಡಿಸಿ ಆಡುವ ಇಂಗ್ಲಿಷ್. ಹಳೆಯ ಪಟ್ಟಿಯ ಪ್ಯಾರಿಸ್ ರೈಲಿನ ಸಾಲನ್ನು ಬಾಯಿಪಾಠವಾಗಿ ಹೇಳಿ, ಇದು ನನಗೆ ತುಂಬಾ ಹಿಡಿಸಿತು, ಹೇಗೆ ಹೊಳೆಯಿತು ಎಂದು ಕೇಳಿದರು. ಇವರು ಬಲಗೈಯನ್ನು ಎದೆಯ ಮೇಲಿಟ್ಟುಕೊಂಡು, ತಲೆ ಒಂದಿಷ್ಟು ಬಾಗಿಸಿ, "ಹಾಗೇ ಬಂತು" ಎಂದರು. ನಾನು ಎರಡು ಹೆಜ್ಜೆ ಆಚೆ ಬಿಸ್ಕತ್ತಿನ ತಟ್ಟೆ ಹಿಡಿದು ನಿಂತಿದ್ದೆ. ಮೇಡಂ ಅತ್ತ ತಿರುಗಿದಾಗ ಅವರು ನನ್ನತ್ತ ನೋಡಿ ಕಣ್ಣು ಮಿಟುಕಿಸಿದರು. ನನಗೂ ಅವರಿಗೂ ಇದೊಂದು ತಮಾಷೆ ಎನ್ನುವ ಹಾಗೆ.

ಅದೇ ತಿಂಗಳು ಒಬ್ಬರನ್ನು ಪರ್ಮನೆಂಟ್ ಮಾಡುವುದಿತ್ತು. ಟಿಪ್ಪಣಿ ಬರೆಯಬಲ್ಲವರು ಬೇಕು ಎಂದಿತ್ತು. ನನಗೇ ಎಂದು ಮಹಡಿಯೆಲ್ಲ ಹೇಳಿತು, ನಾನೂ ನಂಬಿದೆ. ಅವ್ವ ಎದುರು ಮನೆಯವರಿಗೆ ಸಕ್ಕರೆ ಕೊಟ್ಟಳು. ಆಗಲಿಲ್ಲ. ಯಾಕೆಂದು ಕೇಳಿದಾಗ ಎಚ್‌ಆರ್‌ನ ಹುಡುಗಿ ಅತ್ತಿತ್ತ ನೋಡಿ ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಅವರು ನನ್ನ ಬಗ್ಗೆ ಒಂದೇ ಸಾಲು ಬರೆದಿದ್ದರು. ಕಿವಿ ಚೆನ್ನಾಗಿದೆ, ಬರವಣಿಗೆ ಬರುವುದಿಲ್ಲ. ಬೇರೇನು ಬರೆಯಲು ಸಾಧ್ಯವಿತ್ತು ಹೇಳಿ. ನನಗೆ ಬರವಣಿಗೆ ಬರುತ್ತದೆ ಎಂದರೆ ಆ ಪಟ್ಟಿಗಳೆಲ್ಲ ಯಾರವು ಎಂಬ ಪ್ರಶ್ನೆ ಏಳುತ್ತಿತ್ತು.

ಬಾತ್‌ರೂಮಿನಲ್ಲಿ ಮುಖ ತೊಳೆಯುತ್ತ ನಿಂತಿದ್ದಾಗ ಶಬಾನಾ ಬಂದಳು. ಪಕ್ಕದ ಸೀಟಿನವಳು, ಟೋಲಿಚೌಕಿಯವಳು. ಕೊರಿಯಾದ ಧಾರಾವಾಹಿಗಳನ್ನು ನಾಲ್ಕು ವರ್ಷ ನೋಡಿ ನೋಡಿ ಆ ಭಾಷೆಯನ್ನೇ ಕಲಿತುಬಿಟ್ಟಿದ್ದಳು. ಸಂಗತಿ ಕೇಳಿ "ರೋ ನಕ್ಕೋ ನೀಲಮ್ಮಾ. ಬದ್ಲಾ ಲೇ" ಎಂದಳು. ಅಳಬೇಡ, ಸೇಡು ತೀರಿಸಿಕೋ ಅಂತ. ಆಫೀಸಿನಲ್ಲಿ ನನ್ನನ್ನು ಪೂರ್ತಿ ಹೆಸರಿನಿಂದ ಕರೆಯುತ್ತಿದ್ದವಳು ಅವಳೊಬ್ಬಳೇ.

ಐದನೇ ವರ್ಷ ಸಂದರ್ಭ ತಾನಾಗಿ ಬಂತು. ಅವರಿಗೆ ಇನ್ನೂ ದೊಡ್ಡ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಪಟ್ಟಿಗಳನ್ನು ತೋರಿಸಿಯೇ ಸಿಕ್ಕಿದ್ದು. ಜೂನ್ ಕೊನೆಯ ದಿನ ಪಟ್ಟಿಯ ಬಿಡುಗಡೆ ಮತ್ತು ಅವರ ಬೀಳ್ಕೊಡುಗೆ ಎರಡೂ ಒಟ್ಟಿಗೆ ಎಂದಾಯಿತು. ಸೋಲ್ ಮೇಡಂ ಪರದೆಯ ಮೇಲೆ ಬರುವುದೆಂದೂ ಆಯಿತು. "ನೀಲ್, ನಂಬರ್ ಒನ್ ಮಾತ್ರ ಜೋರಾಗಿರಬೇಕು. ನನ್ನ ಹೆಸರಲ್ಲಿ ಕೊನೇ ಪಟ್ಟಿ" ಎಂದರು.

ಎರಡು ವಾರ ಹುಡುಕಿದೆ. ಮೊದಲ ಮೂವತ್ತು ಸೆಕೆಂಡು ಒಂದು ಥರ, ಆಮೇಲೆ ಇನ್ನೊಂದು ಥರ ಇರುವ ಹಾಡು ಬೇಕಿತ್ತು. ಸಿಕ್ಕಿದ್ದು ಹೆಚ್ಚು ಯಾರಿಗೂ ಗೊತ್ತಿಲ್ಲದ ಕೊರಿಯನ್ ಗಾಯಕಿಯ ಹಾಡು, ಮತ್ತು ನಿಜ ಹೇಳುತ್ತೇನೆ, ಆ ವರ್ಷದ ಎಲ್ಲದರಲ್ಲೂ ಶ್ರೇಷ್ಠವಾದದ್ದು. ಸೇಡಿಗಾಗಿ ಕೆಟ್ಟ ಹಾಡನ್ನು ಮೇಲೆ ಕೂರಿಸುವಷ್ಟು ನಾನು ಕೆಟ್ಟಿಲ್ಲ. ಚಪ್ಪಾಳೆ, ಕೊಳಲು, ನಾಲ್ಕಾರು ಜನರ ನಗೆಯಿಂದ ಶುರು. ಮೂವತ್ತೈದನೇ ಸೆಕೆಂಡಿಗೆ ಚಪ್ಪಾಳೆ ಒಂದೊಂದಾಗಿ ನಿಲ್ಲುತ್ತದೆ. ಆಮೇಲೆ ಗಾಯಕಿ ಒಬ್ಬಳೇ. ಶಬಾನಾ ಅರ್ಥ ಹೇಳಿದಳು. ತನ್ನನ್ನು ಬಿಟ್ಟುಹೋದವನಿಗೆ ಹೇಳುತ್ತಿದ್ದಾಳೆ: ನಾನು ಹೆಣೆದ ಸ್ವೆಟರ್ ತೊಟ್ಟು ಊರೆಲ್ಲ ತಿರುಗಿ ಹೊಗಳಿಸಿಕೊಂಡೆಯಂತೆ. ತೊಟ್ಟುಕೋ, ಚಳಿಯಿದೆ. ಯಾರು ಹೆಣೆದದ್ದು ಎಂದು ಕೇಳಿದರೆ ಸುಮ್ಮನಿದ್ದೆಯಂತೆ. ಒಂದು ಎಳೆ ನನ್ನ ಕೈಯಲ್ಲೇ ಉಳಿದಿದೆ, ಎಳೆಯಲೇ?

ಮನೆಯಲ್ಲಿ ಹಾಕಿದಾಗ ಅವ್ವ ಸೊಪ್ಪು ಸೋಸುತ್ತ ಕೇಳಿದಳು. ಆಕೆಗೆ ಕೊರಿಯಾ ಎಲ್ಲಿದೆ ಎಂದೂ ಗೊತ್ತಿಲ್ಲ. "ಮೊದಲಿಗೆ ಮದುವಿ ಮನಿ ಇದ್ದಂಗೈತಿ. ಆಮ್ಯಾಲ ಯಾಂವಗೋ ಸರಿಯಾಗಿ ಬೈಯಾಕತ್ತಾಳ ನೋಡು" ಎಂದಳು. ಪೂರ್ತಿ ಕೇಳಿದರೆ ಅಷ್ಟೇ ಸಾಕು.

ಅವರಿಗೆ ಕೇಳಿಸಿದೆ. ಸರಿಯಾಗಿ ಮೂವತ್ತಕ್ಕೆ ಬೆರಳು ಹೋಗಿ ನಿಲ್ಲಿಸಿತು. "ಫೆಂಟಾಸ್ಟಿಕ್! ಹಬ್ಬ ಕಣ್ರೀ ಇದು."

"ಸರ್, ಪೂರ್ತಿ ಕೇಳ್ರಿ."

"ಟೈಮ್ ಎಲ್ಲಿದೆ? ಟಿಪ್ಪಣಿ ಕೊಡಿ."

"ಒಮ್ಮಿ ಪೂರ್ತಿ ಕೇಳ್ರಿ ಸರ್."

"ನೀವು ಕೇಳಿದೀರಲ್ಲ, ಸಾಕು ಬಿಡಿ" ಎಂದರು. ಎರಡು ಸಲ ಹೇಳಿದೆ ಎಂಬುದನ್ನು ದಯವಿಟ್ಟು ನೆನಪಿಡಿ. ಟಿಪ್ಪಣಿಯಲ್ಲೂ ನಾನು ಸುಳ್ಳು ಬರೆಯಲಿಲ್ಲ. 'ಬಾಗಿಲು ತೆರೆದಿಟ್ಟು ಎಲ್ಲರನ್ನೂ ಒಳಗೆ ಕರೆಯುತ್ತ ಶುರುವಾಗುತ್ತದೆ' ಎಂದು ಬರೆದಿದ್ದೆ. ಅವರು ಇಂಗ್ಲಿಷ್ ಮಾಡುವಾಗ 'ಶುರುವಾಗುತ್ತದೆ' ಎನ್ನುವುದನ್ನು ಕಿತ್ತುಹಾಕಿ, ಬರೀ ಕರೆಯುವುದನ್ನು ಉಳಿಸಿಕೊಂಡರು.

ಆ ದಿನ ನಾಲ್ಕಕ್ಕೆ ಮಹಡಿ ತುಂಬಿತ್ತು. ಕೇಕು, ಬಲೂನು, ಗೋಡೆಯ ದೊಡ್ಡ ಪರದೆಯಲ್ಲಿ ಸೋಲ್ ಮೇಡಂ. ಮೊದಲು ಇವರು ಮಾತಾಡಿದರು. ನಾನು ಅಷ್ಟೊಂದು ನಿರೀಕ್ಷಿಸಿರಲಿಲ್ಲ, ಅದನ್ನು ಅವರೇ ಕೈಯಾರೆ ಸೇರಿಸಿದರು. ಈ ಹಾಡಿನ ಒಂದೊಂದು ಮಾತೂ ನನ್ನ ಬದುಕಿನ ಕಥೆ, ಇದನ್ನು ನಾನೇ ಬರೆದೆನೇನೋ ಅನಿಸುತ್ತದೆ ಎಂದು ಇಂಗ್ಲಿಷಿನಲ್ಲಿ ಹೇಳಿ ಎದೆಯ ಮೇಲೆ ಕೈ ಇಟ್ಟುಕೊಂಡರು.

ಹಾಡು ಶುರುವಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು, ಅವರು ಎರಡು ಹೆಜ್ಜೆ ಕುಣಿದರು. ಹಾಡಿನೊಳಗಿನ ಚಪ್ಪಾಳೆ ನಿಂತಿತು, ಮಹಡಿಯದು ಇನ್ನೂ ನಡೆದಿತ್ತು, ಆಮೇಲೆ ಒಬ್ಬೊಬ್ಬರಾಗಿ ನಿಲ್ಲಿಸಿದರು. ಹಿಂದಿನ ಸಾಲಿನಲ್ಲಿ ಶಬಾನಾ ಮತ್ತು ಅವಳ ಮೂವರು ಗೆಳತಿಯರು ಕೊರಿಯನ್ನಿನಲ್ಲೇ ದನಿಗೂಡಿಸಿದರು. ಪರದೆಯ ಮೇಲೆ ಮೇಡಂ ಮುಖದ ನಗೆ ಹೋಗಿ, ಹುಬ್ಬು ಮೇಲೇರಿ, ಬೇರೊಂದು ನಗೆ ಬಂತು. ಇವರು ಮಾತ್ರ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಹಾಡು ಮುಗಿಯಿತು. ಹಳೆಯ ಅಭ್ಯಾಸ, ಅವರ ತೋರುಬೆರಳು ತಾನಾಗಿ ಮೇಲೆದ್ದಿತು. ಎಲ್ಲರೂ ಉಸಿರು ಬಿಗಿಹಿಡಿದರು. ಆ ಎರಡು ಕ್ಷಣದಲ್ಲಿ ಹೆಣಿಗೆಯ ಕಡ್ಡಿಗಳು ಒಂದಕ್ಕೊಂದು ತಾಗುವ ಸದ್ದು ಕೇಳಿಸಿತು. ಹಾಡಿನ ಕೊನೆಗೆ ಅದಿತ್ತು.

ಮೇಡಂ ತಮ್ಮ ಬಿಡಿಬಿಡಿ ಇಂಗ್ಲಿಷಿನಲ್ಲಿ ಹೇಳಿದರು. "ತುಂಬಾ ಧೈರ್ಯದ ಆಯ್ಕೆ. ನಿಮ್ಮದೇ ಬದುಕು ಎಂದಿರಿ. ಹಾಗಾದರೆ ಆ ಸ್ವೆಟರ್ ಹೆಣೆದವರು ಯಾರು?"

ಅವರು ಎದೆಯ ಮೇಲೆ ಕೈ ಇಟ್ಟು ಥ್ಯಾಂಕ್ಯೂ ಎಂದರು.

ಮೇಡಂ ಇನ್ನೊಮ್ಮೆ ಅದನ್ನೇ ಕೇಳಿದರು. ಹಿಂದಿನಿಂದ ಯಾರೋ ಕಿಸಕ್ಕೆಂದರು. ಅವರು ನನ್ನ ಕಡೆ ವಾಲಿದರು. ತಿಳಿಯದ ಪ್ರಶ್ನೆ ಬಂದಾಗಲೆಲ್ಲ ಹೀಗೆ ವಾಲುವುದು, ನಾನು ಕಿವಿಯಲ್ಲಿ ಉತ್ತರ ಹೇಳುವುದು, ಐದು ವರ್ಷದ ರೂಢಿ. "ಏನಂತೆ? ಯಾವ ಸ್ವೆಟರ್?"

"ಪೂರ್ತಿ ಕೇಳ್ರಿ ಅಂತ ಎರಡು ಸಲ ಹೇಳಿದ್ನಲ್ರಿ ಸರ್."

ಉತ್ತರ ಕೊಟ್ಟವಳು ಶಬಾನಾ. ಹಿಂದಿನಿಂದ ಕೈಯೆತ್ತಿ "ನೀಲಮ್ಮ, ಮೇಡಂ. ನಾಲ್ಕೂ ಸ್ವೆಟರ್" ಎಂದಳು. ನಗೆ ಎದ್ದಿತು. ಕೇಕು ಕತ್ತರಿಸುವಾಗ ಅವರ ಕಿವಿ ಎರಡೂ ಕೆಂಪಾಗಿದ್ದವು. ನನಗೆ ಹಿತವಾಯಿತು. ಈಗ ನೆನೆದರೂ ಹಿತವಾಗುತ್ತದೆ, ಅದಕ್ಕಾಗಿ ನಾನು ನಾಚಿಕೊಳ್ಳುವುದಿಲ್ಲ.

ಕಥೆ ಅಲ್ಲಿಗೆ ಮುಗಿದಿದ್ದರೆ ನಾನು ಸುಮ್ಮನಿರುತ್ತಿದ್ದೆ. ಮುಗಿಯಲಿಲ್ಲ. ಪಟ್ಟಿಗಳ ಕೆಳಗಿನ ಹೆಸರು ಬದಲಾಗಲಿಲ್ಲ, ಇವತ್ತಿಗೂ ಅವರದೇ ಇದೆ. ಪರ್ಮನೆಂಟ್ ಕೆಲಸ, ಕೊರಳಿಗೆ ಕಪ್ಪು ಪಟ್ಟಿ, ನನಗೆ ಸಿಕ್ಕಿದ್ದು ಮತ್ತೆ ಎರಡು ವರ್ಷಕ್ಕೆ, ಅದಕ್ಕೂ ಆ ಮಧ್ಯಾಹ್ನಕ್ಕೂ ಸಂಬಂಧವಿಲ್ಲ. ಮೂಲೆಯ ಕೋಣೆಯಲ್ಲಿ ಮೊದಲು ಕೇಳಿದ್ದು ಆ ಸ್ವೆಟರಿನ ಹಾಡನ್ನೇ. ಅಷ್ಟರಲ್ಲಿ ಅವರ ಹೊಸ ಕಂಪನಿಗೆ ಶಬಾನಾಳೂ ಸೇರಿಕೊಂಡಿದ್ದಳು. ಒಂದು ದಿನ ಅವಳು ಫೋನ್ ಮಾಡಿ ಹೇಳಿದಳು. ಅಲ್ಲಿ ಅವರು ಈ ಕಥೆಯನ್ನು ಎಲ್ಲರಿಗೂ ತಾವೇ ಹೇಳುತ್ತಾರಂತೆ. ಬೀಳ್ಕೊಡುಗೆಯ ದಿನ ಬೇಕೆಂದೇ ನನ್ನನ್ನು ನಾನೇ ಗೇಲಿ ಮಾಡಿಕೊಳ್ಳುವ ಹಾಡು ಆರಿಸಿದೆ, ದೊಡ್ಡವನಾದವನಿಗೆ ತನ್ನನ್ನು ನೋಡಿ ತಾನೇ ನಗುವುದು ಗೊತ್ತಿರಬೇಕು ಎನ್ನುತ್ತಾರಂತೆ. ಹೊಸಬರು ಕೇಳಿ ಕಣ್ಣರಳಿಸುತ್ತಾರಂತೆ. ನನ್ನ ಟಿಪ್ಪಣಿ ಹೋಯಿತು, ಬಸ್ಸು ಹೋಯಿತು, ಕೊನೆಗೆ ನಾನು ತೀರಿಸಿಕೊಂಡ ಸೇಡನ್ನೂ ಅವರೇ ತಮ್ಮ ಹೆಸರಿಗೆ ಮಾಡಿಕೊಂಡರು.

ಅದಕ್ಕೇ ಈ ನಾಲ್ಕು ಪುಟ. ಕಾರ್ಯದರ್ಶಿಗಳಿಗೆ ಎರಡೇ ಷರತ್ತು ಹಾಕಿದೆ. ಇದನ್ನು ಸಭೆಯಲ್ಲಿ ನಾನೇ ಓದಬೇಕು, ಪೂರ್ತಿ ಓದಬೇಕು. ಕೆಳಗೆ ಸಂಘದ ಹೆಸರಲ್ಲ, ನನ್ನ ಹೆಸರು ಇರಬೇಕು. "ಅದಕ್ಕೇನಾಗ್ತದ, ಓದ್ರಲ್ಲ" ಎಂದರು.

ಇಲ್ಲಿಯವರೆಗಿನದನ್ನು, ಅವರ ಅಪ್ಪಣೆಯಂತೆ, ನಿನ್ನೆ ಬೆಳಿಗ್ಗೆ ಅವರಿಗೆ ಕಳಿಸಿದೆ. ಒಂದಕ್ಷರವನ್ನೂ ಬಚ್ಚಿಡಲಿಲ್ಲ. ಓದಿದರೆ ಓದಲಿ, ಬಂದು ಜಗಳವಾಡಿದರೆ ಆಡಲಿ ಎಂದು ಫೋನು ಹಿಡಿದು ಕೂತಿದ್ದೆ. ಒಂದು ನಿಮಿಷವೂ ಆಗಿರಲಿಲ್ಲ, ಉತ್ತರ ಬಂತು. "ಫೆಂಟಾಸ್ಟಿಕ್ ನೀಲ್! ಕಣ್ಣಲ್ಲಿ ನೀರು ಬಂತು. ಏನೂ ತಿದ್ದಬೇಡಿ. ಕೊನೇಲಿ ಇನ್ನೆರಡು ಸಾಲು ಸೇರಿಸಿದರೂ ಪರವಾಗಿಲ್ಲ."

ಸೇರಿಸುತ್ತಿದ್ದೇನೆ ಸರ್. ಭಾನುವಾರ ಬೆಳಿಗ್ಗೆ ಸಂಘದ ಸಭಾಂಗಣದಲ್ಲಿ ಮೊದಲು ಹಾರ, ಆಮೇಲೆ ಶಾಲು, ಆಮೇಲೆ ಹಣ್ಣಿನ ಬುಟ್ಟಿ, ಅದಾದ ಮೇಲೆ ವ್ಯಕ್ತಿಚಿತ್ರ. ಬುಟ್ಟಿ ನಿಮ್ಮ ತೊಡೆಯ ಮೇಲಿರುತ್ತದೆ, ಎದುರಿಗೆ ಮುನ್ನೂರು ಜನ ಕನ್ನಡದವರು ಇರುತ್ತಾರೆ, ನಡುವೆ ಎದ್ದು ಹೋಗುವಂತಿಲ್ಲ, ಮುಂದಿನದಕ್ಕೆ ಜಾರಿಸಲು ಬೆರಳಿಗೆ ಏನೂ ಸಿಗುವುದಿಲ್ಲ. ಓದಿ ಮುಗಿಸಿ ನಾನು ಬಲಗೈಯ ತೋರುಬೆರಳು ಎತ್ತುತ್ತೇನೆ. ನೀವೇ ಕಲಿಸಿದ್ದು. ಎರಡು ಕ್ಷಣ ಕೂತಿರಿ. ಆಮೇಲೆ ಬರೆದವರು ಯಾರೆಂದು ಓದುತ್ತೇನೆ.

ನೀಲಮ್ಮ ಗುರುಬಸಪ್ಪ ಬಿರಾದಾರ